ಹಾರ್ಟ್ ಮಾತ್ರೆ ಚೀಟಿಯಲ್ಲಿ ಏನೇನಿರುತ್ತದೆ, ಯಾವುದರಿಂದ ಏನಾಗುತ್ತದೆ

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರ ಚೀಟಿಯಲ್ಲಿ ಐದಾರು ಮಾತ್ರೆ ಇದ್ದೇ ಇರುತ್ತವೆ. ಡಿಸ್ಚಾರ್ಜ್ ಮಾಡುವಾಗ "ಯಾವುದನ್ನೂ ಬಿಡಬೇಡಿ" ಅಂತ ಹೇಳಿ ಕಳಿಸುತ್ತಾರೆ. ಯಾವುದು ಯಾಕೆ ಅಂತ ಕೂರಿಸಿಕೊಂಡು ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ಒಂದೆರಡು ತಿಂಗಳು ಕಳೆಯುತ್ತದೆ. ಕಾಲು ಊದಿಕೊಳ್ಳುತ್ತದೆ, ಇಲ್ಲಾ ಕೆಮ್ಮು ಹತ್ತುತ್ತದೆ, ಇಲ್ಲಾ ಎದ್ದು ನಿಂತರೆ ತಲೆ ತಿರುಗುತ್ತದೆ. ಆಗ ಮನೆಯವರೇ ಕೂತು ಲೆಕ್ಕ ಹಾಕಿ ಒಂದು ಮಾತ್ರೆ ನಿಲ್ಲಿಸುತ್ತಾರೆ. ಎಷ್ಟೋ ಸಲ ಹಾಗೆ ನಿಲ್ಲಿಸಿದ್ದು ಆ ತೊಂದರೆಗೆ ಸಂಬಂಧವೇ ಇಲ್ಲದ ಮಾತ್ರೆ ಆಗಿರುತ್ತದೆ, ಮತ್ತೆ ಅದೇ ಮಾತ್ರೆ ಅವರ ಪ್ರಾಣ ಕಾಯುತ್ತಿರುತ್ತದೆ.

ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತೇನೆ. ಓದಿದ್ದು ಫಾರ್ಮಸಿ, ಡಾಕ್ಟರ್ ಅಲ್ಲ. ಯಾರಿಗೆ ಯಾವ ಮಾತ್ರೆ, ಎಷ್ಟು ಎಂ.ಜಿ ಅನ್ನುವುದು ನನ್ನ ಕೆಲಸ ಅಲ್ಲ, ಇಲ್ಲಿ ಅದನ್ನು ಹೇಳುವುದೂ ಇಲ್ಲ. ಆದರೆ ಮಾತ್ರೆ ಏನು ಮಾಡುತ್ತದೆ ಅನ್ನುವುದು ತಗೊಳ್ಳುವವರಿಗೆ ಗೊತ್ತಿರಲೇಬೇಕು. ಗೊತ್ತಿದ್ದರೆ "ಡಾಕ್ಟ್ರೇ, ಈ ಮಾತ್ರೆ ಶುರುವಾದ ಮೇಲೆ ಹೀಗಾಗ್ತಿದೆ, ಬೇರೆ ಕೊಡ್ತೀರಾ" ಅಂತ ಕೇಳಬಹುದು. ಹಾಗೆ ಕೇಳಿದರೆ ಬಹಳಷ್ಟು ಸಲ ಬದಲಿ ಮಾತ್ರೆ ಸಿಗುತ್ತದೆ. ಸುಮ್ನೆ ನಿಲ್ಲಿಸಿದವರಿಗೆ ಏನೂ ಸಿಗುವುದಿಲ್ಲ.

ಮೊದಲು ರಕ್ತ ತೆಳು ಮಾಡುವ ಮಾತ್ರೆ. ಹೆಸರು ಹಾಗಿದ್ದರೂ ಅದು ರಕ್ತವನ್ನು ನೀರು ಮಾಡುವುದಿಲ್ಲ. ಡೆಂಗ್ಯೂ ಬಂದಾಗ ನಾವೆಲ್ಲ ಎಣಿಸುತ್ತೇವಲ್ಲ ಪ್ಲೇಟ್‌ಲೆಟ್, ಅವು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಆಸ್ಪಿರಿನ್, ಅಂದರೆ ನಮ್ಮ ಕಡೆ ಎಲ್ಲರೂ ಇಕೋಸ್ಪ್ರಿನ್ ಅನ್ನುವ 75 ಎಂ.ಜಿ ಮಾತ್ರೆ, ಪ್ಲೇಟ್‌ಲೆಟ್ ಒಳಗಿನ ಒಂದು ಕಿಣ್ವವನ್ನು ಪೂರ್ತಿ ಕೆಡಿಸಿಬಿಡುತ್ತದೆ. ಆ ಪ್ಲೇಟ್‌ಲೆಟ್ ಬದುಕಿರುವ ಏಳೆಂಟು, ಹತ್ತು ದಿನವೂ ಮತ್ತೆ ಸರಿಯಾಗುವುದಿಲ್ಲ. ಅದಕ್ಕೇ ಅಷ್ಟು ಸಣ್ಣ ಡೋಸ್ ಸಾಕಾಗುತ್ತದೆ. ಆಸ್ಪಿರಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಕಂಡುಹಿಡಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಜಗತ್ತು ಆ ಮಾತ್ರೆ ನುಂಗಲು ಶುರು ಮಾಡಿ ಎಂಬತ್ತು ವರ್ಷ ದಾಟಿತ್ತು! ಅದರ ಜೊತೆಗೆ ಕೊಡುವ ಕ್ಲೊಪಿಡೊಗ್ರೆಲ್ ಅದೇ ಪ್ಲೇಟ್‌ಲೆಟ್‌ನ ಇನ್ನೊಂದು ಬಾಗಿಲು ಮುಚ್ಚುತ್ತದೆ.

ಯಾಕೆ ಎರಡೆರಡು? ಸ್ಟೆಂಟ್ ಅಂದರೆ ಲೋಹದ ಸಣ್ಣ ಬಲೆ. ಅದನ್ನು ರಕ್ತನಾಳದಲ್ಲಿ ಕೂರಿಸಿದ ಮೇಲೆ ಅದರ ಮೇಲೆ ನಾಳದ ಒಳಪದರ ಬೆಳೆದು ಮುಚ್ಚಿಕೊಳ್ಳಬೇಕು. ಅದಕ್ಕೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಬರೀ ಲೋಹ ರಕ್ತಕ್ಕೆ ತಾಗುತ್ತಿರುತ್ತದೆ, ಪ್ಲೇಟ್‌ಲೆಟ್‌ಗಳಿಗೆ ಅಲ್ಲಿ ಅಂಟಿಕೊಳ್ಳುವುದೇ ಕೆಲಸ. ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಹಾಗಾದಾಗ ಬರುವ ಅಟ್ಯಾಕ್ ಮೊದಲನೆಯದಕ್ಕಿಂತ ಕೆಟ್ಟದಾಗಿರಬಹುದು, ಆಸ್ಪತ್ರೆ ಮುಟ್ಟುವವರೆಗೂ ಟೈಮ್ ಸಿಗದೇ ಹೋಗಬಹುದು.

ಮಾಯಕೊಂಡದ ಕಡೆಯಿಂದ ಒಬ್ಬ ಅಕ್ಕ ಬರುತ್ತಾರೆ, ಯಜಮಾನರ ಮಾತ್ರೆ ಒಯ್ಯಲು. ಒಂದು ಸಲ ಪ್ಲಾಸ್ಟಿಕ್ ಕವರಿನಲ್ಲಿದ್ದ ಶೀಟುಗಳನ್ನೆಲ್ಲ ಕೌಂಟರ್ ಮೇಲೆ ಸುರಿದು "ಇದೊಂದು ಬ್ಯಾಡ ಅಣ್ಣ, ಉಳಿದವು ಕೊಡ್ರಿ" ಅಂದರು. ಪಕ್ಕಕ್ಕೆ ಸರಿಸಿದ್ದು ಕ್ಲೊಪಿಡೊಗ್ರೆಲ್. ಶೀಟಿನಲ್ಲಿ ಎಂಟು ಮಾತ್ರೆ ಹಾಗೇ ಇದ್ದವು. ಯಾಕಕ್ಕ ಅಂತ ಕೇಳಿದೆ. "ಹಲ್ಲುಜ್ಜಿದ್ರೆ ರಕ್ತ ಬರ್ತೈತಿ ಅಂತಾರ್ರಿ, ಹೆದರಿ ಬಿಟ್ಟಾರ." ಸ್ಟೆಂಟ್ ಹಾಕಿ ಎಷ್ಟು ದಿನ ಆಯಿತು ಅಂದರೆ ಯುಗಾದಿ ಆದ ಮೇಲೆ ಅಂದರು, ಅದು ಶ್ರಾವಣ. ನಾನು ಆ ಎಂಟು ಮಾತ್ರೆಯನ್ನು ಅವರ ಕೈಯಲ್ಲೇ ಇಟ್ಟು, ಅಲ್ಲಿಂದಲೇ ಅವರ ಡಾಕ್ಟರಿಗೆ ಫೋನ್ ಮಾಡಿಸಿದೆ. ಇವತ್ತಿನಿಂದಲೇ ಮತ್ತೆ ಶುರು ಮಾಡಿ, ನಾಳೆ ಬಂದು ತೋರಿಸಿ ಅಂದರು ಅವರು.

ಒಸಡಿನಲ್ಲಿ ಸ್ವಲ್ಪ ರಕ್ತ, ಎಲ್ಲಿಗಾದರೂ ತಾಗಿದರೆ ಚರ್ಮ ನೀಲಿಗಟ್ಟುವುದು, ಶೇವಿಂಗ್ ಮಾಡುವಾಗ ಕುಯ್ದರೆ ರಕ್ತ ನಿಲ್ಲಲು ತಡ ಆಗುವುದು, ಇವೆಲ್ಲ ಈ ಮಾತ್ರೆಗಳ ಜೊತೆ ಬರುವಂಥವೇ. ಮೆತ್ತನೆ ಬ್ರಷ್ ಬಳಸಿ, ಮುಂದಿನ ಸಲ ಡಾಕ್ಟರಿಗೆ ಹೇಳಿ. ಆದರೆ ಮಲ ಕಪ್ಪಗೆ ಅಂಟಂಟಾಗಿ ಹೋದರೆ, ವಾಂತಿಯಲ್ಲಿ ರಕ್ತ ಬಂದರೆ, ಇದ್ದಕ್ಕಿದ್ದಂತೆ ಜೋರು ತಲೆನೋವು ಬಂದು ಮಾತು ತೊದಲಿದರೆ, ತಲೆಗೆ ಪೆಟ್ಟು ಬಿದ್ದರೆ, ಆಗ ಬೆಳಗಾಗಲಿ ಅಂತ ಕಾಯಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಇನ್ನು ಕ್ಲೊಪಿಡೊಗ್ರೆಲ್ ಬದಲು ಟಿಕಾಗ್ರೆಲಾರ್ ಕೊಟ್ಟಿದ್ದರೆ ಕೆಲವರಿಗೆ ಸುಮ್ಮನೆ ಕೂತಾಗಲೂ ಉಸಿರು ಸಾಲದ ಹಾಗೆ ಅನಿಸುತ್ತದೆ. ಅದು ಆ ಮಾತ್ರೆಯ ಗುಣ. ಆದರೂ ಉಸಿರಿನ ತೊಂದರೆ ಮಾತ್ರೆಯದೋ ಹೃದಯದ್ದೋ ಅನ್ನುವುದನ್ನು ಡಾಕ್ಟರ್ ನೋಡಿಯೇ ಹೇಳಬೇಕು.

ಹಲ್ಲು ಕೀಳಿಸುವ ವಿಷಯ ಬೇರೆಯಾಗಿ ಹೇಳಬೇಕು. ನಮ್ಮ ಊರಿನಲ್ಲಿ ಹಲ್ಲಿನ ಕಾಲೇಜುಗಳಿವೆ, ಸುತ್ತಲಿನ ಹಳ್ಳಿಯವರೆಲ್ಲ ಹಲ್ಲಿಗೆ ಇಲ್ಲಿಗೇ ಬರುತ್ತಾರೆ. ಬರುವ ಮುಂಚೆ "ರಕ್ತ ನಿಲ್ಲಲ್ಲ" ಅಂತ ಯಾರೋ ಹೇಳಿದ್ದಕ್ಕೆ ತಾವೇ ಒಂದು ವಾರ ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್ ಎರಡೂ ನಿಲ್ಲಿಸಿ ಬರುವವರಿದ್ದಾರೆ. ಮಾಮೂಲಿ ಹಲ್ಲು ಕೀಳಲು ಬಹುತೇಕ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ಹತ್ತಿ ಇಟ್ಟು ಒತ್ತಿ ಹಿಡಿದರೆ, ಬೇಕಾದರೆ ಒಂದು ಹೊಲಿಗೆ ಹಾಕಿದರೆ ರಕ್ತ ನಿಲ್ಲುತ್ತದೆ. ಕುರ್ಚಿಯಲ್ಲಿ ಕೂರುವ ಮುಂಚೆ ಹಲ್ಲಿನ ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿದರೆ ಸಾಕು. ಮಳೆಗಾಲದಲ್ಲಿ ಜ್ವರ ಬಂದರೆ ಮಾತ್ರ ಮಾತು ಬೇರೆ. ಡೆಂಗ್ಯೂ ಆಗಿದ್ದರೆ ಪ್ಲೇಟ್‌ಲೆಟ್ ಮೊದಲೇ ಇಳಿದಿರುತ್ತದೆ. ಆಗ ಈ ಮಾತ್ರೆ ಮುಂದುವರಿಸಬೇಕೋ ಬೇಡವೋ ಅನ್ನುವುದನ್ನು ಅದೇ ದಿನ ಕೇಳಿ ತಿಳಿದುಕೊಳ್ಳಿ.

ಚೀಟಿಯಲ್ಲಿ ಪ್ಯಾಂಟೊಪ್ರಜೋಲ್ ಅಂತ ಒಂದು ಇರುತ್ತದೆ. "ಅದು ಗ್ಯಾಸಿಂದು, ನಂಗೆ ಗ್ಯಾಸ್ ಇಲ್ಲ, ಬೇಡ" ಅನ್ನುತ್ತಾರೆ. ಅದು ಗ್ಯಾಸಿಗೆ ಕೊಟ್ಟದ್ದಲ್ಲ. ಆಸ್ಪಿರಿನ್ ಹೊಟ್ಟೆಯ ಒಳಪದರವನ್ನು ಕಾಯುವ ವಸ್ತುವನ್ನೂ ಕಡಿಮೆ ಮಾಡುತ್ತದೆ, ಹುಣ್ಣಾಗಿ ರಕ್ತ ಹೋಗಬಾರದು ಅಂತ ಇದನ್ನು ಕಾವಲಿಗೆ ಇಟ್ಟಿರುತ್ತಾರೆ. ಇದರ ಬದಲು ಮನೆಯಲ್ಲಿದ್ದ ಒಮೆಪ್ರಜೋಲ್ ನುಂಗುವವರೂ ಇದ್ದಾರೆ. ಕ್ಲೊಪಿಡೊಗ್ರೆಲ್ ಲಿವರ್‌ಗೆ ಹೋಗಿ ಅಲ್ಲಿ ಬದಲಾದ ಮೇಲೇ ಕೆಲಸ ಶುರು ಮಾಡುವುದು, ಒಮೆಪ್ರಜೋಲ್ ಆ ಬದಲಾವಣೆಗೇ ಅಡ್ಡ ಬರುತ್ತದೆ. ಪ್ಯಾಂಟೊಪ್ರಜೋಲ್‌ನಿಂದ ಆ ತೊಂದರೆ ಕಡಿಮೆ.

ಇದಕ್ಕಿಂತ ನನಗೆ ಜಾಸ್ತಿ ಭಯ ಇರುವುದು ನೋವಿನ ಮಾತ್ರೆ ಬಗ್ಗೆ. ಮಂಡಿ ನೋವು, ಸೊಂಟ ನೋವು ಅಂತ ಡೈಕ್ಲೊಫೆನಾಕ್ ಕೇಳುತ್ತಾರೆ, ಹಾರ್ಟ್ ಮಾತ್ರೆ ನಡೆಯುತ್ತಿದೆ ಅಂತ ಹೇಳುವುದೇ ಇಲ್ಲ. ನಾನು ಕೇಳಿದರೆ "ಅದು ಬೇರೆ ಡಾಕ್ಟ್ರು ಕೊಟ್ಟಿದ್ದು" ಅನ್ನುತ್ತಾರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಈ ಜಾತಿಯ ಮಾತ್ರೆಗಳು ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತವೆ, ಬಿಪಿ ಏರಿಸುತ್ತವೆ, ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ, ಹಾರ್ಟ್ ಅಟ್ಯಾಕ್ ಆದವರಿಗೆ ಮತ್ತೆ ಆಗುವ ಸಾಧ್ಯತೆಯನ್ನೂ ಹೆಚ್ಚಿಸುತ್ತವೆ. ಐಬುಪ್ರೊಫೆನ್ ಅಂತೂ ಆಸ್ಪಿರಿನ್ ಹೋಗಿ ಕೂರಬೇಕಾದ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಮೂತ್ರ ಜಾಸ್ತಿ ಮಾಡಿಸುವ ನೀರಿನ ಮಾತ್ರೆ, ಬಿಪಿ ಇಳಿಸುವ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್, ಅದರ ಮೇಲೆ ಈ ನೋವಿನ ಮಾತ್ರೆ, ಮೂರೂ ಸೇರಿದರೆ ಕಿಡ್ನಿ ಕೆಲವೇ ದಿನದಲ್ಲಿ ಕೈಕೊಡಬಹುದು. ನೋವಿಗೆ ಪ್ಯಾರಾಸಿಟಮಾಲ್ ಇದೆ. ಅದಕ್ಕೂ ಬಗ್ಗದ ನೋವಾದರೆ ಡಾಕ್ಟರನ್ನು ಕೇಳಿ.

2025ರ ಜೂನ್, ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ದಿನವೂ ಟಿವಿಯಲ್ಲಿ ಬರುತ್ತಿತ್ತಲ್ಲ, ಆಗ ಇಲ್ಲೂ ಇಪ್ಪತ್ತೈದು ಮೂವತ್ತು ವರ್ಷದ ಹುಡುಗರು ಬಂದು ಚೀಟಿ ಇಲ್ಲದೆ ಇಕೋಸ್ಪ್ರಿನ್ ಕೇಳಲು ಶುರು ಮಾಡಿದರು. ದಿನಾ ಒಂದು ತಗೊಂಡರೆ ಅಟ್ಯಾಕೇ ಆಗಲ್ಲವಂತೆ ಅಂತ. ಹೃದಯದ ಕಾಯಿಲೆ ಇರುವವರಿಗೆ ಆಸ್ಪಿರಿನ್ ಕೊಡುವ ಲಾಭ ದೊಡ್ಡದು, ರಕ್ತಸ್ರಾವದ ಅಪಾಯ ಅದರ ಮುಂದೆ ಚಿಕ್ಕದು. ಏನೂ ಇಲ್ಲದವರಿಗೆ ಲಾಭ ಅಷ್ಟಕ್ಕಷ್ಟೇ, ಅಪಾಯ ಮಾತ್ರ ಅಷ್ಟೇ ಇರುತ್ತದೆ. 2022ರಲ್ಲಿ ಅಮೆರಿಕದ ತಜ್ಞರ ಸಮಿತಿ 60 ದಾಟಿದ, ಹೃದಯದ ಕಾಯಿಲೆ ಇಲ್ಲದವರು ತಡೆಗಟ್ಟಲು ಅಂತ ಹೊಸದಾಗಿ ಆಸ್ಪಿರಿನ್ ಶುರು ಮಾಡುವುದೇ ಬೇಡ ಅಂತ ಹೇಳಿತು. ಬಿಪಿ, ಶುಗರ್, ಕೊಲೆಸ್ಟ್ರಾಲ್ ಚೆಕ್ ಮಾಡಿಸಿ, ಸಿಗರೇಟು ಗುಟ್ಕಾ ಬಿಡಿ ಅಂತ ಆ ಹುಡುಗರಿಗೆ ಹೇಳಿ ಕಳಿಸಿದೆ.

ವಾಟ್ಸಾಪ್‌ನಲ್ಲಿ ಓಡಾಡುವ ಇನ್ನೊಂದು ಮಾತು ಇದೆ. ಮೂರು ಮಾತ್ರೆ ಪ್ಯಾಕೆಟ್ ಮಾಡಿ ಜೇಬಿನಲ್ಲಿ ಇಟ್ಟುಕೊಳ್ಳಿ, ಎದೆ ನೋವು ಬಂದ ಕೂಡಲೇ ಮೂರೂ ನುಂಗಿ ಅಂತ. ಅದರಲ್ಲಿ ಸಾರ್ಬಿಟ್ರೇಟ್ ಇರುತ್ತದೆ, ನಾಲಿಗೆ ಕೆಳಗೆ ಇಡುವ ಮಾತ್ರೆ. ಇದು ನೈಟ್ರೇಟ್ ಜಾತಿಯದ್ದು. ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗಿ ಅದರ ಭಾರ ಇಳಿಯುತ್ತದೆ, ನೋವು ಕಡಿಮೆಯಾಗುತ್ತದೆ. ಬಂಡೆ ಒಡೆಯುವ ಡೈನಮೈಟ್‌ನಲ್ಲಿರುವ ನೈಟ್ರೋಗ್ಲಿಸರಿನ್ ಕೂಡ ಇದೇ ಬಳಗ. ವಿಲಿಯಂ ಮರೆಲ್ ಎಂಬ ಲಂಡನ್ ಡಾಕ್ಟರ್ 1879ರಲ್ಲೇ ಎದೆ ನೋವಿಗೆ ಅದನ್ನು ಕೊಟ್ಟು ಬರೆದಿದ್ದರು. ಅದು ಯಾಕೆ ಕೆಲಸ ಮಾಡುತ್ತದೆ ಅನ್ನುವುದು ತಿಳಿಯಲು ನೂರು ವರ್ಷ ಬೇಕಾಯಿತು. ಅದನ್ನು ತಿಳಿಸಿಕೊಟ್ಟ ಮೂವರಿಗೆ 1998ರಲ್ಲಿ ನೊಬೆಲ್ ಸಿಕ್ಕಿತು.

ನಾಳ ಸಡಿಲಾದರೆ ಬಿಪಿ ಇಳಿಯುತ್ತದೆ. ಅದಕ್ಕೇ ಈ ಮಾತ್ರೆ ಇಟ್ಟುಕೊಂಡಾಗ ತಲೆ ಸಿಡಿಯುತ್ತದೆ, ನಿಂತಿದ್ದರೆ ಕಣ್ಣು ಕತ್ತಲೆ ಬಂದು ಬೀಳಬಹುದು. ಕೂತುಕೊಂಡೇ ಇಡಬೇಕು. ಕೆಲವು ತರಹದ ಅಟ್ಯಾಕ್‌ನಲ್ಲಿ, ಹೃದಯದ ಬಲಭಾಗಕ್ಕೆ ಪೆಟ್ಟು ಬಿದ್ದಾಗ, ಬಿಪಿ ಮೊದಲೇ ಕುಸಿದಿರುತ್ತದೆ. ಅಂಥವರಿಗೆ ಇದನ್ನು ಕೊಟ್ಟರೆ ಇನ್ನೂ ಕುಸಿದು ಪ್ರಾಣಕ್ಕೇ ಬರಬಹುದು. ಡಾಕ್ಟರ್ ನಿಮಗೆ ಅಂತ ಬರೆದುಕೊಟ್ಟು, ಹೇಗೆ ಇಡಬೇಕು ಅಂತ ಹೇಳಿದ್ದರೆ ಮಾತ್ರ ಇಟ್ಟುಕೊಳ್ಳಿ. ಎದೆ ಒತ್ತಿದ ಹಾಗೆ ಆಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಎಳೆಯುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಗಿದು ನುಂಗಲು ಅವರೋ ನಿಮ್ಮ ಡಾಕ್ಟರೋ ಹೇಳಿದರೆ ನುಂಗಿ. ಯಾವ ಪ್ಯಾಕೆಟ್ಟೂ ಇಸಿಜಿ ಬದಲಿಗೆ ಆಗುವುದಿಲ್ಲ.

ಇನ್ನೊಂದು ಮಾತು. ಗಂಡಸರು ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ ಬಂದು ದನಿ ತಗ್ಗಿಸಿ ಕೇಳುವ ಮಾತ್ರೆ ಇದೆಯಲ್ಲ, ಸಿಲ್ಡೆನಾಫಿಲ್, ಟಡಾಲಾಫಿಲ್. ಸಾರ್ಬಿಟ್ರೇಟ್ ತಗೊಳ್ಳುವವರು ಇವನ್ನು ಮುಟ್ಟಲೇಬಾರದು. ಎರಡೂ ನಾಳ ಸಡಿಲಿಸುವವೇ, ಒಟ್ಟಿಗೆ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಸಿಲ್ಡೆನಾಫಿಲ್ ತಗೊಂಡ 24 ಗಂಟೆಯೊಳಗೆ, ಟಡಾಲಾಫಿಲ್ ಆದರೆ 48 ಗಂಟೆಯೊಳಗೆ ನೈಟ್ರೇಟ್ ಬೀಳಬಾರದು. ಎದೆ ನೋವು ಅಂತ ಆಸ್ಪತ್ರೆಗೆ ಹೋದಾಗ ಈ ಮಾತ್ರೆ ತಗೊಂಡಿದ್ದರೆ ನಾಚಿಕೆ ಬಿಟ್ಟು ಹೇಳಿಬಿಡಿ.

ಕೊಲೆಸ್ಟ್ರಾಲ್ ಮಾತ್ರೆಗೆ ಬರೋಣ. ಅಟೊರ್ವಾಸ್ಟಾಟಿನ್, ರೋಸುವಾಸ್ಟಾಟಿನ್. ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲು ಬೆಣ್ಣೆ ದೋಸೆಯಿಂದ ನೇರವಾಗಿ ಬರುವುದಿಲ್ಲ, ಮೈಯೇ ಮಾಡಿಕೊಳ್ಳುತ್ತದೆ. ಅದರಲ್ಲಿ ಲಿವರ್ ಪಾತ್ರ ದೊಡ್ಡದು. ಸ್ಟಾಟಿನ್ ಲಿವರ್‌ನಲ್ಲಿ ಆ ತಯಾರಿಯನ್ನು ಕಡಿಮೆ ಮಾಡುತ್ತದೆ. ಲಿವರ್‌ಗೆ ಕೊಲೆಸ್ಟ್ರಾಲ್ ಬೇಕೇ ಬೇಕು, ಹಾಗಾಗಿ ಅದು ರಕ್ತದಲ್ಲಿ ಓಡಾಡುವ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಅನ್ನು ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಇಳಿಯುವುದು ಹೀಗೆ. ಈ ಜಾತಿಯ ಮೊದಲ ವಸ್ತುವನ್ನು 1973ರಲ್ಲಿ ಕಂಡುಹಿಡಿದವರು ಜಪಾನಿನ ಅಕಿರಾ ಎಂಡೋ. ರೈತರ ಮನೆಯ ಮಗ. ಸಾವಿರಾರು ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದ ಮೇಲೆ ಅವರಿಗೆ ಬೇಕಾದ್ದು ಸಿಕ್ಕಿದ್ದು ಕ್ಯೋಟೋ ಊರಿನ ಒಂದು ಕಾಳು ಅಂಗಡಿಯ ಅಕ್ಕಿಗೆ ಹಿಡಿದ ಬೂಷ್ಟಿನಲ್ಲಿ. ಕಾಳುಕಡಿ ಅಂಗಡಿಗಳಿರುವ ನಮ್ಮ ಮಂಡಿಪೇಟೆ ಕಡೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅಂಗಡಿಗೆ ಬರುವ ಮೊದಲ ಸ್ಟಾಟಿನ್ ಆಗಿ ಲೊವಾಸ್ಟಾಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಎಂಡೋ 2024ರಲ್ಲಿ ತೀರಿಕೊಂಡರು. ಅವರ ಕೆಲಸದಿಂದ ಬದುಕಿದವರು ಜಗತ್ತಿನ ತುಂಬ ಇದ್ದಾರೆ.

"ಕೊಲೆಸ್ಟ್ರಾಲ್ ನಾರ್ಮಲ್ ಬಂತು, ಇನ್ಯಾಕೆ ಮಾತ್ರೆ?" ನಾರ್ಮಲ್ ಬಂದಿದ್ದೇ ಮಾತ್ರೆಯಿಂದ. ಮತ್ತೆ ಲ್ಯಾಬ್ ರಿಪೋರ್ಟಿನಲ್ಲಿ ಪಕ್ಕಕ್ಕೆ ಪ್ರಿಂಟ್ ಆಗಿರುವ ನಾರ್ಮಲ್ ಹೃದಯದ ಕಾಯಿಲೆ ಇಲ್ಲದವರಿಗೆ. ಅಟ್ಯಾಕ್ ಆದವರ ಎಲ್‌ಡಿಎಲ್ 70ಕ್ಕಿಂತ, ಈಗೀಗ 55ಕ್ಕಿಂತಲೂ ಕೆಳಗೆ ಇರಲಿ ಅನ್ನುತ್ತಾರೆ. ಈ ಮಾತ್ರೆ ನಾಳದ ಒಳಗೆ ಕೂತ ಕೊಬ್ಬಿನ ಗಂಟು ಒಡೆಯದ ಹಾಗೂ ನೋಡಿಕೊಳ್ಳುತ್ತದೆ. ಬಹಳಷ್ಟು ಅಟ್ಯಾಕ್ ಆಗುವುದು ಗಂಟು ಒಡೆದಾಗಲೇ.

ಇದರ ಸೈಡ್ ಎಫೆಕ್ಟ್ ಅಂದರೆ ಎಲ್ಲರೂ ಹೇಳುವುದು ಮಾಂಸಖಂಡದ ನೋವು. ತೊಡೆ, ಮೀನಖಂಡ, ಭುಜ, ಎರಡೂ ಕಡೆ. ಕೆಲವರಿಗೆ ನಿಜವಾಗಿಯೂ ಆಗುತ್ತದೆ. ಆದರೆ 2020ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಸ್ಯಾಮ್ಸನ್ ಎಂಬ ಒಂದು ಅಧ್ಯಯನ ಇದೆ. ತೊಂದರೆಯಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ವರ್ಷದ ಅವಧಿಯಲ್ಲಿ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧವೇ ಇಲ್ಲದ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ಕೊಟ್ಟರು. ಸ್ಟಾಟಿನ್ ತಗೊಂಡಾಗ ಆದ ತೊಂದರೆಯಲ್ಲಿ ಶೇಕಡಾ 90ರಷ್ಟು ಖಾಲಿ ಮಾತ್ರೆ ತಗೊಂಡಾಗಲೂ ಆಗಿತ್ತು. ಅವರ ನೋವು ಸುಳ್ಳು ಅಂತ ಅಲ್ಲ. ನೋವು ಇತ್ತು, ಅದರಲ್ಲಿ ಬಹುಪಾಲಿಗೆ ಕಾರಣ ಔಷಧ ಆಗಿರಲಿಲ್ಲ. ಅದಕ್ಕೇ ನೋವು ಅಂದ ಕೂಡಲೇ ಬಿಡಬೇಡಿ. ಡಾಕ್ಟರ್ ಮಾಂಸಖಂಡಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ಸಿಕೆ ಅಂತ ಒಂದು ರಕ್ತ ಪರೀಕ್ಷೆ ಮಾಡಿಸಿ, ಡೋಸ್ ಇಳಿಸಿ, ಇಲ್ಲವೇ ಬೇರೆ ಸ್ಟಾಟಿನ್ ಕೊಟ್ಟು ನೋಡುತ್ತಾರೆ. ನಡೆಯಲಾಗದಷ್ಟು ನೋವು ಬಂದು ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಅವತ್ತೇ ಹೋಗಬೇಕು. ಅದು ಬಹಳ ಅಪರೂಪ, ಆದರೆ ಹಾಗಾದಾಗ ಕಿಡ್ನಿಗೆ ಪೆಟ್ಟು. ಶುಗರ್ ಸ್ವಲ್ಪ ಏರಬಹುದು, ಅದು ನಿಜ. ಆದರೂ ಹೃದಯಕ್ಕೆ ಆಗುವ ಲಾಭ ಅದಕ್ಕಿಂತ ತುಂಬ ದೊಡ್ಡದು.

ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಕಾರ್ವೆಡಿಲಾಲ್ ಇವು ಬೀಟಾ ಬ್ಲಾಕರ್. ಅಡ್ರಿನಲಿನ್ ಹೃದಯವನ್ನು ಓಡಿಸುತ್ತದೆ, ಇವು ಆ ಓಟಕ್ಕೆ ತಡೆ ಹಾಕುತ್ತವೆ. ಬಡಿತ ನಿಧಾನ ಆದರೆ ಹೃದಯಕ್ಕೆ ಬೇಕಾಗುವ ಆಕ್ಸಿಜನ್ ಕಡಿಮೆ. ಹೃದಯಕ್ಕೆ ರಕ್ತ ಜಾಸ್ತಿ ಕೊಡುವ ಬದಲು ಅದರ ಕೆಲಸವನ್ನೇ ಯಾಕೆ ಕಡಿಮೆ ಮಾಡಬಾರದು ಅಂತ ಯೋಚಿಸಿದವರು ಜೇಮ್ಸ್ ಬ್ಲ್ಯಾಕ್, 1988ರಲ್ಲಿ ಅವರಿಗೂ ನೊಬೆಲ್ ಬಂತು. ಶುರುವಿನಲ್ಲಿ ಸುಸ್ತು, ಕೈಕಾಲು ತಣ್ಣಗಾಗುವುದು, ಕೆಲವರಿಗೆ ವಿಚಿತ್ರ ಕನಸು. ಕೆಲವು ವಾರದಲ್ಲಿ ಬಹಳ ಜನಕ್ಕೆ ಹೊಂದಿಕೊಳ್ಳುತ್ತದೆ. ಗಂಡಸರಲ್ಲಿ ಕೆಲವರಿಗೆ ಲೈಂಗಿಕ ತೊಂದರೆ ಆಗುತ್ತದೆ, ಹೇಳಿಕೊಳ್ಳಲಾಗದೆ ಮಾತ್ರೆ ಬಿಟ್ಟುಬಿಡುತ್ತಾರೆ. ಹೀಗೆ ಬಿಟ್ಟವರು ನನಗೆ ಗೊತ್ತಿರುವುದಕ್ಕಿಂತ ಜಾಸ್ತಿ ಇದ್ದಾರೆ ಅನ್ನುವುದು ನನ್ನ ನಂಬಿಕೆ. ಇದಕ್ಕೂ ದಾರಿ ಇದೆ, ಡಾಕ್ಟರಿಗೆ ಹೇಳಬೇಕು ಅಷ್ಟೇ. ಯಾಕೆಂದರೆ ಈ ಮಾತ್ರೆ ಒಮ್ಮೆಗೇ ನಿಲ್ಲಿಸಿದರೆ ತಡೆದು ಹಿಡಿದ ಬಡಿತ ಎರಡು ಪಟ್ಟು ಜೋರಾಗಿ ವಾಪಸ್ ಬಂದ ಹಾಗೆ ಆಗಿ ಎದೆ ನೋವು, ಅಟ್ಯಾಕ್ ತನಕ ಹೋಗಬಹುದು. ನಿಲ್ಲಿಸುವುದಾದರೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸುತ್ತಾ ಬರಬೇಕು.

ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಒಂದು ವಿಷಯ ನೆನಪಿಡಿ. ಶುಗರ್ ತೀರಾ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಆಗುತ್ತದಲ್ಲ, ಬೀಟಾ ಬ್ಲಾಕರ್ ಇದ್ದರೆ ಅದು ಗೊತ್ತಾಗದೇ ಇರಬಹುದು. ಬೆವರು ಮಾತ್ರ ಬರುತ್ತದೆ. ಕಾರಣ ಇಲ್ಲದೆ ಬೆವರಿದರೆ ಶುಗರ್ ನೋಡಿಕೊಳ್ಳಿ. ಆಸ್ತಮಾ ಇದ್ದರೆ ಈ ಮಾತ್ರೆ ಬರೆಯುವ ಮೊದಲೇ ಹೇಳಿ.

ಈಗ ಕೆಮ್ಮು. ಮಂಡಕ್ಕಿ ಭಟ್ಟಿ ಹತ್ತಿರದ ಒಬ್ಬ ಅಜ್ಜಿಗೆ ಒಣ ಕೆಮ್ಮು. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಕಚಗುಳಿ, ರಾತ್ರಿ ಮಲಗಿದರೆ ಜಾಸ್ತಿ. ಮೊಮ್ಮಗ ಬಂದು ಸಿರಪ್ ಒಯ್ಯುತ್ತಿದ್ದ. ಭಟ್ಟಿ ಹೊಗೆಯಿಂದ ಅಂತ ಮನೆಯವರ ತೀರ್ಮಾನ, ಆ ಹೊಗೆ ನೋಡಿದವರು ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಬೇರೆ ಏನು ಮಾತ್ರೆ ನಡೆಯುತ್ತಿದೆ ಅಂತ ಕೇಳಿದಾಗ ಮೊಬೈಲಿನಲ್ಲಿ ಚೀಟಿಯ ಫೋಟೋ ತೋರಿಸಿದ. ಮೂರನೇ ಸಾಲಿನಲ್ಲಿ ರಾಮಿಪ್ರಿಲ್ 5 ಎಂ.ಜಿ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗು, ಇದನ್ನು ತೋರಿಸಿ ಕೆಮ್ಮು ಅಂತ ಹೇಳು ಅಂದೆ. ಅವರು ಟೆಲ್ಮಿಸಾರ್ಟನ್‌ಗೆ ಬದಲಾಯಿಸಿದರು. ಕೆಲವು ವಾರ ಬಿಟ್ಟು ಕೇಳಿದಾಗ "ಅಜ್ಜಿ ಮಲಗ್ತಾಳೆ ಅಣ್ಣ" ಅಂದ.

ರಾಮಿಪ್ರಿಲ್, ಎನಾಲಾಪ್ರಿಲ್ ಹುಟ್ಟಿದ ಕಥೆಯಲ್ಲೇ ಈ ಕೆಮ್ಮಿನ ಕಾರಣ ಇದೆ. ಬ್ರೆಜಿಲ್‌ನ ಒಂದು ಮಂಡಲ ಜಾತಿಯ ಹಾವಿನ ವಿಷ ಬ್ರಾಡಿಕೈನಿನ್ ಎಂಬ ವಸ್ತುವಿನ ಬಲವನ್ನು ಹೆಚ್ಚಿಸುತ್ತದೆ ಅಂತ 1960ರ ದಶಕದಲ್ಲಿ ಅಲ್ಲಿನ ಸೆರ್ಜಿಯೋ ಫೆರೇರಾ ತೋರಿಸಿದರು. ಬ್ರಾಡಿಕೈನಿನ್ ರಕ್ತನಾಳ ಸಡಿಲಿಸುತ್ತದೆ. ಬ್ರಾಡಿಕೈನಿನ್ ಅನ್ನು ಒಡೆಯುವ ಕಿಣ್ವವನ್ನು ಆ ವಿಷ ತಡೆಯುತ್ತಿತ್ತು, ಅದೇ ಕಿಣ್ವ ಮೈಯಲ್ಲಿ ಬಿಪಿ ಏರಿಸುವ ಇನ್ನೊಂದು ವಸ್ತುವನ್ನೂ ಮಾಡುತ್ತದೆ. ಅದನ್ನು ತಡೆದರೆ ಎರಡು ಲಾಭ ಅಂತ ಹೊರಟು ಮಾಡಿದ್ದು ಕ್ಯಾಪ್ಟೊಪ್ರಿಲ್, 1981ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ರಾಮಿಪ್ರಿಲ್ ಅದರ ತಮ್ಮ. ನಾಳ ಸಡಿಲಿಸುವ ಅದೇ ಬ್ರಾಡಿಕೈನಿನ್ ಶ್ವಾಸನಾಳದಲ್ಲೂ ಸೇರಿಕೊಂಡು ಅಲ್ಲಿ ಕೆರೆತ ಎಬ್ಬಿಸುತ್ತದೆ. ಸಿರಪ್‌ಗೆ ಅದು ಬಗ್ಗುವುದಿಲ್ಲ. ಹೆಂಗಸರಲ್ಲಿ ಸ್ವಲ್ಪ ಜಾಸ್ತಿ. ಟೆಲ್ಮಿಸಾರ್ಟನ್, ಲೊಸಾರ್ಟನ್ ಆ ಕಿಣ್ವವನ್ನು ಮುಟ್ಟುವುದಿಲ್ಲ, ಅದರ ಮುಂದಿನ ಹಂತದಲ್ಲಿ ತಡೆಯುತ್ತವೆ, ಹಾಗಾಗಿ ಕೆಮ್ಮು ಇಲ್ಲ. ಆದರೆ ಎಲ್ಲ ಕೆಮ್ಮೂ ರಾಮಿಪ್ರಿಲ್‌ದಲ್ಲ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾದರೆ ಅದು ಶ್ವಾಸಕೋಶದಲ್ಲಿ ನೀರು ತುಂಬುವ ಲಕ್ಷಣ ಇರಬಹುದು. ರಾಮಿಪ್ರಿಲ್ ತಗೊಂಡವರ ತುಟಿ, ನಾಲಿಗೆ, ಮುಖ ಇದ್ದಕ್ಕಿದ್ದಂತೆ ಊದಿಕೊಂಡರೆ ಅದು ಎಮರ್ಜೆನ್ಸಿ, ಆ ಮಾತ್ರೆ ಮತ್ತೆ ಮುಟ್ಟಬಾರದು.

ಈ ಎರಡೂ ಜಾತಿಯ ಮಾತ್ರೆಗಳು ರಕ್ತದಲ್ಲಿ ಪೊಟ್ಯಾಸಿಯಂ ಏರಿಸುತ್ತವೆ. ಸ್ಪೈರೊನೊಲ್ಯಾಕ್ಟೋನ್ ಎಂಬ ಒಂದು ತರಹದ ನೀರಿನ ಮಾತ್ರೆ ಜೊತೆಗಿದ್ದರೆ ಇನ್ನೂ ಜಾಸ್ತಿ. ಪೊಟ್ಯಾಸಿಯಂ ತೀರಾ ಏರಿದರೆ ಹೃದಯ ನಿಂತೇ ಹೋಗಬಹುದು. ಹಾರ್ಟಿಗೆ ಒಳ್ಳೇದು ಅಂತ ಮನೆಯವರು ಪ್ರೀತಿಯಿಂದ ತರುವ "ಲೋ ಸೋಡಿಯಂ" ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ. ಕಿಡ್ನಿ ಸ್ವಲ್ಪ ವೀಕ್ ಇರುವವರಿಗೆ ಅದು ಅಪಾಯ, ದಿನಾ ಎಳನೀರು ಕುಡಿಯುವುದೂ ಅಷ್ಟೇ. ಈ ಮಾತ್ರೆ ಶುರುವಾದ ಒಂದೆರಡು ವಾರಕ್ಕೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್, ಮತ್ತೆ ಪೊಟ್ಯಾಸಿಯಂ ಪರೀಕ್ಷೆ ಬರೆದಿರುತ್ತಾರೆ, ದುಡ್ಡು ದಂಡ ಅಂತ ಬಿಡಬೇಡಿ. ಬಸುರಿಯರು ಇವನ್ನು ತಗೊಳ್ಳುವ ಹಾಗೇ ಇಲ್ಲ, ಮಗುವಿಗೆ ತೊಂದರೆ.

ಕಾಲು ಊತಕ್ಕೆ ಬಹಳ ಸಲ ಕಾರಣ ಅಮ್ಲೊಡಿಪಿನ್. ಬಿಪಿಗೆ ಕೊಡುವ ಒಳ್ಳೆಯ, ಅಗ್ಗದ ಮಾತ್ರೆ. ಅದು ಸಣ್ಣ ಅಪಧಮನಿಗಳನ್ನು ಅಗಲ ಮಾಡುತ್ತದೆ, ಆದರೆ ರಕ್ತ ವಾಪಸ್ ಒಯ್ಯುವ ನಾಳಗಳನ್ನು ಅಷ್ಟು ಅಗಲ ಮಾಡುವುದಿಲ್ಲ. ಭದ್ರಾ ಕಾಲುವೆಯ ತೂಬು ದೊಡ್ಡದು ಮಾಡಿ ಬಸಿಗಾಲುವೆ ಹಾಗೇ ಬಿಟ್ಟರೆ ಗದ್ದೆಯಲ್ಲಿ ನೀರು ನಿಲ್ಲುತ್ತದಲ್ಲ, ಪಾದದ ಹತ್ತಿರ ಆಗುವುದೂ ಅದೇ. ಮೈಯಲ್ಲಿ ಒಟ್ಟು ನೀರು ಜಾಸ್ತಿ ಆಗಿರುವುದಿಲ್ಲ, ಅದಕ್ಕೇ ಈ ಊತಕ್ಕೆ ನೀರಿನ ಮಾತ್ರೆ ಕೊಟ್ಟರೆ ಅಷ್ಟಾಗಿ ಇಳಿಯುವುದಿಲ್ಲ. ಡಾಕ್ಟರ್ ಡೋಸ್ ಇಳಿಸುತ್ತಾರೆ, ಇಲ್ಲವೇ ಟೆಲ್ಮಿಸಾರ್ಟನ್ ಸೇರಿಸುತ್ತಾರೆ, ಅದು ಆ ಕಡೆಯ ನಾಳವನ್ನೂ ಸಡಿಲಿಸುತ್ತದೆ. ಆದರೆ ಊತದ ಜೊತೆ ಉಸಿರು ಕಟ್ಟುತ್ತಿದ್ದರೆ, ಅಥವಾ ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ಅಮ್ಲೊಡಿಪಿನ್ ಅಲ್ಲ, ಬೇಗ ತೋರಿಸಿ.

ನೀರಿನ ಮಾತ್ರೆ, ಅಂದರೆ ಲ್ಯಾಸಿಕ್ಸ್, ಟಾರ್ಸೆಮೈಡ್. ಹೃದಯದ ಪಂಪಿಂಗ್ ಕಡಿಮೆಯಾಗಿ ಮೈಯಲ್ಲಿ ನೀರು ನಿಂತವರಿಗೆ ಇದು ಜೀವ ಬಂದ ಹಾಗೆ ಮಾಡುತ್ತದೆ. ಉಪ್ಪನ್ನು ಕಿಡ್ನಿಯಿಂದ ಹೊರಗೆ ಕಳಿಸುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಬೆಳಿಗ್ಗೆ ತಗೊಳ್ಳಿ, ಸಂಜೆ ತಗೊಂಡರೆ ರಾತ್ರಿಯೆಲ್ಲ ಏಳಬೇಕು. ಕಾಲು ಸೆಟೆಯುವುದು, ಸುಸ್ತು, ಎದೆ ಹೊಡೆತ ತಪ್ಪುವುದು ಆದರೆ ಪೊಟ್ಯಾಸಿಯಂ ಇಳಿದಿರಬಹುದು. ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿತು ಅಂದರೆ ಅದು ನೀರು, ಫೋನ್ ಮಾಡಿ ಡಾಕ್ಟರಿಗೆ ಹೇಳಿ. ಮಿರ್ಚಿ, ಉಪ್ಪಿನಕಾಯಿ, ಹಪ್ಪಳ ತಿನ್ನುತ್ತಾ ಈ ಮಾತ್ರೆ ನುಂಗಿದರೆ ಒಂದು ಕಡೆ ಹೊರಗೆ ಹಾಕಿ ಇನ್ನೊಂದು ಕಡೆ ತುಂಬಿದಂತೆ. ವಾಂತಿ ಭೇದಿ ಹಿಡಿದಾಗ, ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ ತೀರಾ ಬೆವರಿ ತಲೆ ತಿರುಗಿದಾಗ, ಈ ಮಾತ್ರೆ ಮತ್ತು ರಾಮಿಪ್ರಿಲ್, ಟೆಲ್ಮಿಸಾರ್ಟನ್ ಅವತ್ತು ತಗೊಳ್ಳಬೇಕಾ ಅಂತ ಮೊದಲು ಕೇಳಿ.

ವಾಲ್ವ್ ಬದಲಾಯಿಸಿದವರಿಗೆ ಕೊಡುವ ಅಸಿಟ್ರೋಮ್, ವಾರ್ಫರಿನ್ ಬೇರೆ ಜಾತಿ. ಇವು ಪ್ಲೇಟ್‌ಲೆಟ್ ಮುಟ್ಟುವುದಿಲ್ಲ, ವಿಟಮಿನ್ ಕೆ ಬಳಸಿ ಲಿವರ್ ಮಾಡುವ ಹೆಪ್ಪುಗಟ್ಟಿಸುವ ವಸ್ತುಗಳನ್ನು ಕಡಿಮೆ ಮಾಡುತ್ತವೆ. 1920ರ ದಶಕದಲ್ಲಿ ಅಮೆರಿಕ, ಕೆನಡಾ ಕಡೆ ಬೂಷ್ಟು ಹಿಡಿದ ಒಂದು ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. ಆ ಮೇವಿನಲ್ಲಿದ್ದ ವಸ್ತುವಿನ ಹಿಂದೆ ಬಿದ್ದೇ ವಾರ್ಫರಿನ್ ಬಂತು. 1948ರಲ್ಲಿ ಇಲಿ ಪಾಷಾಣ, 1954ರಲ್ಲಿ ಮನುಷ್ಯರಿಗೆ ಔಷಧ. ಡೋಸ್ ಸ್ವಲ್ಪ ಹೆಚ್ಚಾದರೆ ರಕ್ತಸ್ರಾವ, ಸ್ವಲ್ಪ ಕಡಿಮೆಯಾದರೆ ವಾಲ್ವ್ ಮೇಲೆ ಹೆಪ್ಪು. ಅದಕ್ಕೇ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ. ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ ಅಂತ ಸೊಪ್ಪೇ ಬಿಡಬೇಕಾಗಿಲ್ಲ. ಮೆಂತ್ಯ, ಪಾಲಕ್ ವಾರಕ್ಕೆ ಎಷ್ಟು ತಿನ್ನುತ್ತೀರೋ ಅಷ್ಟೇ ಯಾವಾಗಲೂ ತಿನ್ನಿ. ಒಂದು ವಾರ ದಿನಾ ಸೊಪ್ಪಿನ ಸಾರು, ಇನ್ನೊಂದು ವಾರ ಏನೂ ಇಲ್ಲ ಅಂತ ಮಾಡಬೇಡಿ. ಹೊಸ ಆಂಟಿಬಯೋಟಿಕ್ ಶುರುವಾದರೆ ಐಎನ್‌ಆರ್ ಏರುಪೇರಾಗುತ್ತದೆ, ಮುಂಚೆಯೇ ಹೇಳಿ. ಜ್ವರ ಬಂತು ಅಂತ ಊರಲ್ಲಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ, ಒಳಗೆ ರಕ್ತ ಸುರಿದು ಗಡ್ಡೆ ಕಟ್ಟುತ್ತದೆ.

ಹೃದಯದ ಬಡಿತವನ್ನು ಹತೋಟಿಗೆ ತರುವ ಡಿಗಾಕ್ಸಿನ್ ಈಗ ಕಡಿಮೆ ಬರೆಯುತ್ತಾರೆ. ತಗೊಳ್ಳುವವರಿಗೆ ಊಟ ಸೇರದೆ ವಾಕರಿಕೆ ಬಂದರೆ, ನೋಡಿದ್ದೆಲ್ಲ ಹಳದಿ ಕಂಡರೆ ಡೋಸ್ ಜಾಸ್ತಿ ಆಗಿರಬಹುದು, ತಕ್ಷಣ ತೋರಿಸಿ.

ಸೈಡ್ ಎಫೆಕ್ಟ್ ಅಂದುಕೊಳ್ಳುವುದರಲ್ಲಿ ಒಂದಷ್ಟು ನಿಜಕ್ಕೂ ಡಬಲ್ ಡೋಸ್ ಆಗಿರುತ್ತದೆ. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಬಂದಿರುತ್ತಾರೆ, ಅಲ್ಲಿನ ಚೀಟಿಯಲ್ಲಿ ಟೆಲ್ಮಿಸಾರ್ಟನ್ ಒಂದು ಕಂಪನಿಯದ್ದು, ಮನೆಯಲ್ಲಿ ಹಳೇದು ಇನ್ನೊಂದು ಕಂಪನಿಯದ್ದು. ಹೆಸರು ಬೇರೆ, ಬಣ್ಣ ಬೇರೆ, ಎರಡೂ ನುಂಗುತ್ತಾರೆ. ಇಕೋಸ್ಪ್ರಿನ್ ಎವಿ ಕ್ಯಾಪ್ಸೂಲ್‌ನಲ್ಲಿ ಆಸ್ಪಿರಿನ್, ಅಟೊರ್ವಾಸ್ಟಾಟಿನ್ ಎರಡೂ ಇರುತ್ತದೆ, ಅದರ ಜೊತೆ ಬೇರೆ ಅಟೊರ್ವಾಸ್ಟಾಟಿನ್, ಬೇರೆ ಇಕೋಸ್ಪ್ರಿನ್ ಕೂಡ ನಡೆಯುತ್ತಿರುತ್ತದೆ. ಶೀಟಿನ ಹಿಂದೆ ಬ್ರ್ಯಾಂಡ್ ಹೆಸರಿನ ಜೊತೆಗೇ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಇರುತ್ತದೆ, ಓದಬೇಕಾದ್ದು ಅದನ್ನು. ಓದಲು ಆಗದಿದ್ದರೆ ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬನ್ನಿ, ನಮ್ಮದೇ ಆಗಬೇಕು ಅಂತಿಲ್ಲ. ಹತ್ತು ನಿಮಿಷದ ಕೆಲಸ.

ಒಂದು ಹೊತ್ತು ಮರೆತರೆ ನೆನಪಾದಾಗ ತಗೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ.

ಇನ್ನು ಕೆಲವರು ಮಾತ್ರೆ ಬಿಡುವುದು ಸೈಡ್ ಎಫೆಕ್ಟಿಗಲ್ಲ, ದುಡ್ಡಿಗೆ. ತಿಂಗಳ ಕೊನೆಯಲ್ಲಿ "ಐದೈದು ಕೊಡ್ರಿ ಸಾಕು" ಅನ್ನುವಾಗ ಗೊತ್ತಾಗುತ್ತದೆ. ದಿನ ಬಿಟ್ಟು ದಿನ ನುಂಗಿ ಉಳಿಸುವವರೂ ಇದ್ದಾರೆ. ಅದನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅಟೊರ್ವಾಸ್ಟಾಟಿನ್, ಕ್ಲೊಪಿಡೊಗ್ರೆಲ್, ಮೆಟೊಪ್ರೊಲಾಲ್, ಟೆಲ್ಮಿಸಾರ್ಟನ್ ಎಲ್ಲವೂ ಜನೌಷಧಿ ಕೇಂದ್ರದಲ್ಲಿ ಬ್ರ್ಯಾಂಡ್ ಮಾತ್ರೆಗಿಂತ ತುಂಬ ಕಡಿಮೆಗೆ ಸಿಗುತ್ತವೆ, ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ ಮಾತ್ರೆ ಉಚಿತವಾಗಿ ಕೊಡುತ್ತಾರೆ. ನನ್ನ ಅಂಗಡಿಗೆ ಬರುವವರಿಗೂ ನಾನು ಇದನ್ನೇ ಹೇಳುತ್ತೇನೆ. ಔಷಧದ ಹೆಸರು, ಎಂ.ಜಿ ಒಂದೇ ಇರಬೇಕು, ಅದನ್ನು ಅಲ್ಲಿನ ಫಾರ್ಮಸಿಸ್ಟ್ ಹತ್ತಿರ ಚೀಟಿ ಇಟ್ಟು ಸರಿ ನೋಡಿಸಿಕೊಳ್ಳಿ, ಮತ್ತೆ ಶೀಟ್ ಕತ್ತರಿಸಿ ತರುವಾಗ ಎಕ್ಸ್‌ಪೈರಿ ದಿನಾಂಕ ಇರುವ ತುದಿಯನ್ನು ಉಳಿಸಿ ಕತ್ತರಿಸಲು ಹೇಳಿ.